ಮೋರಿ ಅಗೆಯುವ ಮುನ್ನ ವೀರಗಲ್ಲು ಎತ್ತಿಡಿ

ಮಾನ್ಯ ಸಂಪಾದಕರಿಗೆ,

ನಾನು ಸಿಟಿ ಬಸ್ಸಿನಲ್ಲಿ 31 ವರ್ಷ ಟಿಕೆಟ್ ಹರಿದವನು. ಮಗಳು ಐರ್ಲೆಂಡಿನಲ್ಲಿ ನರ್ಸ್. ಹೋದ ವರ್ಷ ಅವಳ ಮನೆಗೆ ಹೋಗಿದ್ದಾಗ ಬಾಯ್ನ್ ನದಿ ದಂಡೆಯ ನ್ಯೂಗ್ರೇಂಜ್ ಸಮಾಧಿ ತೋರಿಸಿದಳು. ಕ್ರಿ.ಪೂ. 3200ರ ಸುಮಾರಿನದು, ಈಜಿಪ್ಟಿನ ಪಿರಮಿಡ್ಡುಗಳಿಗಿಂತ ಹಳೆಯದು. 19 ಮೀಟರ್ ಉದ್ದದ ಓಣಿಯಲ್ಲಿ ಮೈ ಓರೆ ಮಾಡಿಕೊಂಡು ನುಸುಳಬೇಕು. ರಶ್ ಬಸ್ಸಿನಲ್ಲಿ ಹಿಂದೆಮುಂದೆ ಓಡಾಡಿದವನಿಗೆ ಅದೇನು ಮಹಾ! ಒಳಗೆ ಗೈಡ್ ದೀಪ ಆರಿಸಿದ. ಡಿಸೆಂಬರಿನ ಗಿಡ್ಡ ಹಗಲುಗಳಲ್ಲಿ ಎಳೆಬಿಸಿಲು ಬಾಗಿಲ ಮೇಲಿನ ಗೂಡಿನಿಂದ ಒಳಕೋಣೆಯವರೆಗೆ ಹರಿದುಬರುವ ಬಗೆಯನ್ನು ಒಂದು ಬಲ್ಬಿನಿಂದ ತೋರಿಸಿದ. ನನಗೆ ನಮ್ಮ ಗವಿಗಂಗಾಧರೇಶ್ವರನ ಗುಡಿಯ ಸಂಕ್ರಾಂತಿ ಬಿಸಿಲು ಕಣ್ಣಿಗೆ ಕಟ್ಟಿತು.

ಟ್ರಿಮ್ ಕೋಟೆಯನ್ನೂ ನೋಡಿದೆ. ಚಿತ್ರದುರ್ಗ ಹತ್ತಿ ಇಳಿದವನಿಗೆ ಅಷ್ಟೇನೂ ಅನ್ನಿಸಲಿಲ್ಲ.

ಮನಸ್ಸಿನಲ್ಲಿ ಉಳಿದದ್ದು ಮೊನಾಸ್ಟರ್‌ಬಾಯ್ಸ್‌ನ ಕಲ್ಲು ಶಿಲುಬೆ. ಹಳ್ಳಿಯ ಸ್ಮಶಾನದಲ್ಲಿ ಐದೂವರೆ ಮೀಟರ್ ಎತ್ತರಕ್ಕೆ ನಿಂತಿದೆ, ಸಾವಿರ ವರ್ಷ ದಾಟಿದೆ. ಒಂದು ಕಡೆ ಸತ್ತವರ ಆತ್ಮವನ್ನು ತಕ್ಕಡಿಯಲ್ಲಿ ತೂಗುತ್ತಿದ್ದಾರೆ, ಕೆಳಗೆ ಬಿದ್ದುಕೊಂಡ ಸೈತಾನ ತೂಕದಲ್ಲಿ ಮೋಸ ಮಾಡಲು ನೋಡುತ್ತಿದ್ದಾನೆ. ಬುಡದಲ್ಲಿ ಎರಡು ಬೆಕ್ಕು, ಜೊತೆಗೆ ಒಂದು ಶಾಸನ: ಈ ಶಿಲುಬೆ ಮಾಡಿಸಿದ ಮುರೆಡಾಕ್‌ಗಾಗಿ ಪ್ರಾರ್ಥಿಸಿ ಎಂದು. ಮಗಳು ಅರ್ಥ ಹೇಳಿದ ಮೇಲೆ ನಾನೂ ಕೈ ಮುಗಿದೆ. ಕೇಳಿಕೊಂಡಿದ್ದಾನಲ್ಲ, ಪಾಪ.

ಇನ್ನು ನಮ್ಮ ಬೀದಿಯ ವಿಷಯ. ಟ್ರಾನ್ಸ್‌ಫಾರ್ಮರ್ ಪಕ್ಕ ಸೊಂಟದೆತ್ತರದ ಒಂದು ವೀರಗಲ್ಲಿದೆ. ಭಕ್ತಿಯಿಂದಲೇ ಯಾರೋ ಹಳದಿ ಆಯಿಲ್ ಪೇಂಟ್ ಬಳಿದಿದ್ದಾರೆ, ಅಕ್ಷರಗಳೆಲ್ಲ ಮುಚ್ಚಿಹೋಗಿವೆ. ಎದುರಿನ ಅಂಗಡಿಯವರು ಅದರ ಮೇಲೆ ಒದ್ದೆ ಗೋಣಿಚೀಲ ಒಣಹಾಕುತ್ತಾರೆ. ಸತ್ತವನು ಯಾರು, ದನ ಬಿಡಿಸಲು ಹೋದವನೋ ಊರು ಕಾಯಲು ನಿಂತವನೋ, ಕೇಳಿದರೆ ಹೇಳುವವರಿಲ್ಲ. ಹೆಬ್ಬಾಳದ ಕಿತ್ತಯ್ಯನ ವೀರಗಲ್ಲೂ 2018ರವರೆಗೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಓದಿಸಿದ ಮೇಲೆ ತಾನೇ ಅದು ಸುಮಾರು ಕ್ರಿ.ಶ. 750ರದು, ಗಂಗರ ರಾಜ ಶ್ರೀಪುರುಷನ ಕಾಲದ್ದು ಎಂದು ತಿಳಿದದ್ದು?

ನಾನು ಮಂಟಪ ಕೇಳುತ್ತಿಲ್ಲ. ತಿಳಿದವರು ಬಂದು ಪೇಂಟ್ ತೆಗೆಸಲಿ, ಅಕ್ಷರ ಓದಿಸಲಿ, ಓದಿದ್ದನ್ನು ಈಗಿನ ಕನ್ನಡದಲ್ಲಿ ಒಂದು ಬೋರ್ಡಿನ ಮೇಲೆ ಬರೆಸಲಿ. ಕಲ್ಲನ್ನು ನಾಲ್ಕಡಿ ಈಚೆಗೆ ಸರಿಸಿ ನಿಲ್ಲಿಸಲಿ, ಅದೂ ಬೇಗ. ಮುಂದಿನ ತಿಂಗಳು ಮೋರಿ ಅಗೆಯುತ್ತಾರಂತೆ. ಅಳತೆಗೆ ಬಂದವರು ಸುಣ್ಣದ ಗೆರೆಯನ್ನು ವೀರನ ಎದೆಯ ಮೇಲೆಯೇ ಎಳೆದು ಹೋಗಿದ್ದಾರೆ.

– ನಿವೃತ್ತ ಬಸ್ ಕಂಡಕ್ಟರ್, ಬೆಂಗಳೂರು