ಒಂದೇ ಹಾಡಿಗೆ ಕಟ್ಟುಬೀಳುವ ಮುನ್ನ

ಚಿರಂಜೀವಿ ಸುಹಾಸನಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ನಿನ್ನ ಕಾಗದ ತಲುಪಿತು. ಆ ರೆಸಾರ್ಟಿನವರು ವರ್ಷವಿಡೀ ಶನಿವಾರ, ಭಾನುವಾರ ಹಾಡುವುದಕ್ಕೆ ಕರಾರು ಮಾಡಿಕೊಳ್ಳಲು ಮುಂದೆ ಬಂದಿರುವುದೂ, ಹೋದಲ್ಲೆಲ್ಲ ಜನ ಅದೇ ಒಂದು ಕುಣಿತದ ಹಾಡನ್ನು ಕೇಳಿ, ಉಳಿದ ಹಾಡುಗಳ ಹೊತ್ತಿಗೆ ಊಟದ ಕಡೆಗೆ ಎದ್ದುಹೋಗುತ್ತಾರೆಂಬ ನಿನ್ನ ಬೇಸರವೂ ತಿಳಿಯಿತು. ಸಂಗೀತದ ವಿಷಯದಲ್ಲಿ ನಿನಗೆ ಬುದ್ಧಿ ಹೇಳುವಷ್ಟು ವಿದ್ವತ್ತು ನನಗಿಲ್ಲ. ಆದರೆ ಇಂಥದೇ ಇಕ್ಕಟ್ಟಿನಲ್ಲಿ ಹದಿನೈದು ವರ್ಷ ಕಳೆದು ಹೊರಬಂದ ಒಬ್ಬ ಗಾಯಕರ ಬದುಕನ್ನು ನಾನು ಬಹಳ ಕಾಲದಿಂದ ಗಮನಿಸುತ್ತ ಬಂದಿದ್ದೇನೆ. ಅವರು ವೇಲ್ಸ್ ದೇಶದ ಟಾಮ್ ಜೋನ್ಸ್. ಅವರ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ, ತಾಳ್ಮೆಯಿಂದ ಓದು.

ಅವರ ಹುಟ್ಟುಹೆಸರು ಥಾಮಸ್ ಜಾನ್ ವುಡ್‌ವರ್ಡ್. 1940ರ ಜೂನ್ 7ರಂದು ದಕ್ಷಿಣ ವೇಲ್ಸ್‌ನ ಪಾಂಟಿಪ್ರಿದ್ ಬಳಿಯ ಟ್ರೆಫಾರೆಸ್ಟ್‌ನಲ್ಲಿ, ಕಲ್ಲಿದ್ದಲು ಗಣಿಯಲ್ಲಿ ದುಡಿಯುತ್ತಿದ್ದವರ ಮನೆಯಲ್ಲಿ ಹುಟ್ಟಿದರು. ಆ ಕಣಿವೆಯ ಊರುಗಳಲ್ಲಿ ಗಂಡುಮಕ್ಕಳು ತಂದೆಯ ಹಿಂದೆಯೇ ಗಣಿಗಿಳಿಯುವುದು ಎಷ್ಟು ವಾಡಿಕೆಯೋ, ಪ್ರಾರ್ಥನಾಮಂದಿರದಲ್ಲೂ ಪಬ್ಬಿನಲ್ಲೂ ದನಿಗೂಡಿಸಿ ಹಾಡುವುದೂ ಅಷ್ಟೇ ವಾಡಿಕೆ. ಹನ್ನೆರಡನೆಯ ವಯಸ್ಸಿನಲ್ಲಿ ಕ್ಷಯ ತಗುಲಿ ಹುಡುಗ ಸುಮಾರು ಎರಡು ವರ್ಷ ಹಾಸಿಗೆ ಹಿಡಿದರು. ಗಣಿಯ ದಾರಿ ಅಲ್ಲಿಗೆ ಮುಚ್ಚಿತು, ಜೊತೆಗಿದ್ದದ್ದು ರೇಡಿಯೊ. ಹದಿನಾರಕ್ಕೆ ಲಿಂಡಾ ಎಂಬ ತಮ್ಮದೇ ಊರಿನ ಹುಡುಗಿಯೊಂದಿಗೆ ಮದುವೆ, ಬೆನ್ನಲ್ಲೇ ಗಂಡುಮಗು. ಸಂಸಾರ ಸಾಗಿಸಲು ಕೈಗವಸಿನ ಕಾರ್ಖಾನೆಯಲ್ಲಿ, ಕಟ್ಟಡದ ಕೆಲಸದಲ್ಲಿ ದುಡಿದು, ಸಂಜೆ ಕಾರ್ಮಿಕರ ಕ್ಲಬ್ಬುಗಳಲ್ಲಿ ಹಾಡುತ್ತಿದ್ದರು. ದಿನವಿಡೀ ಮೈಮುರಿದು ದುಡಿದು ಬಿಯರ್ ಹಿಡಿದು ಕೂತವರ ಗದ್ದಲದ ಮೇಲೆ ದನಿ ಎತ್ತಿ ನಿಲ್ಲುವುದನ್ನು ಅವರು ಕಲಿತದ್ದು ಅಲ್ಲಿ. ಊಟಕ್ಕೆ ಎದ್ದುಹೋಗುವ ನಿನ್ನ ಶ್ರೋತೃಗಳು ಅವರಿಗಿಂತ ಕಠಿಣರೆಂದು ನನಗನ್ನಿಸುವುದಿಲ್ಲ.

ಮದರಾಸಿನಲ್ಲಿ ಹುಟ್ಟಿ ವೇಲ್ಸ್‌ನಲ್ಲಿ ಬೆಳೆದ ಗಾರ್ಡನ್ ಮಿಲ್ಸ್ ಎಂಬವರು ಅವರ ಹಾಡು ಕೇಳಿ, ಲಂಡನ್ನಿಗೆ ಕರೆದೊಯ್ದು, ಟಾಮ್ ಜೋನ್ಸ್ ಎಂಬ ಹೆಸರನ್ನೂ ಕೊಟ್ಟು, ವ್ಯವಸ್ಥಾಪಕರಾಗಿ ನಿಂತರು. 1964ರ ಮೊದಲ ಧ್ವನಿಮುದ್ರಿಕೆಯನ್ನು ಯಾರೂ ಕೇಳಲಿಲ್ಲ. ಎರಡನೆಯದು ‘ಇಟ್ಸ್ ನಾಟ್ ಅನ್‌ಯೂಶುವಲ್’. ಮಿಲ್ಸ್ ಮತ್ತು ಲೆಸ್ ರೀಡ್ ಬರೆದ ಆ ಹಾಡು ಸ್ಯಾಂಡಿ ಶಾ ಎಂಬ ಗಾಯಕಿಗೆಂದು ಉದ್ದೇಶಿಸಿದ್ದು. ಮಾದರಿಗೆಂದು ಅದನ್ನು ಹಾಡಿಕೊಟ್ಟಿದ್ದವರು ಟಾಮ್. ಆ ಹಾಡನ್ನು ಬಿಡಲೊಲ್ಲದೆ ತಾವೇ ಧ್ವನಿಮುದ್ರಿಸಿದರು. 1965ರ ಮಾರ್ಚ್‌ನಲ್ಲಿ ಅದು ಬ್ರಿಟನ್ನಿನ ಧ್ವನಿಮುದ್ರಿಕೆಗಳ ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಮರುವರ್ಷ ‘ಗ್ರೀನ್ ಗ್ರೀನ್ ಗ್ರಾಸ್ ಆಫ್ ಹೋಮ್’ ಏಳು ವಾರ ಅದೇ ಸ್ಥಾನದಲ್ಲಿ ನಿಂತಿತು. 1969ರಿಂದ ಎರಡು ವರ್ಷ ಬ್ರಿಟನ್ ಮತ್ತು ಅಮೆರಿಕಗಳೆರಡರಲ್ಲೂ ಅವರದೇ ಹೆಸರಿನ ಟೆಲಿವಿಷನ್ ಕಾರ್ಯಕ್ರಮ ಪ್ರಸಾರವಾಯಿತು. ಇದೆಲ್ಲ ನಿನಗೆ ಎಲ್ಲಿ ಬೇಕಾದರೂ ಸಿಗುವ ಸಂಗತಿ. ನಿನ್ನ ಪ್ರಶ್ನೆಗೆ ಸಂಬಂಧಿಸಿದ್ದು ಮುಂದಿನದು.

ಅಮೆರಿಕದ ರಾತ್ರಿ ಕ್ಲಬ್ಬುಗಳಲ್ಲಿ ಹಾಡುವಾಗ ಬೆವರೊರೆಸಿಕೊಳ್ಳಲೆಂದು ಮುಂದಿನ ಮೇಜಿನ ಹೆಂಗಸರು ಕೈವಸ್ತ್ರ ಕೊಡುತ್ತಿದ್ದರಂತೆ. ಒಂದು ರಾತ್ರಿ ಒಬ್ಬಾಕೆ ತನ್ನ ಒಳಉಡುಪನ್ನೇ ಕೊಟ್ಟಳು. ಮಾವ ಅಳಿಯನಿಗೆ ಬರೆಯುವ ಮಾತಲ್ಲ ಇದು, ಆದರೆ ವಿಷಯದ ತಿರುಳೇ ಅಲ್ಲಿರುವಾಗ ಬಿಡುವಂತಿಲ್ಲ. ಅವರು ಅದನ್ನು ತಮಾಷೆಯಾಗಿ ತೆಗೆದುಕೊಂಡರು, ಸುದ್ದಿಯಾಯಿತು, ಆಮೇಲೆ ಹೋದಲ್ಲೆಲ್ಲ ಅದೇ ನಡೆಯಿತು. ಲಾಸ್ ವೇಗಸ್‌ನ ಹೋಟೆಲುಗಳಲ್ಲಿ ವರ್ಷದಲ್ಲಿ ಎಷ್ಟೋ ವಾರ ಹಾಡಿ ಅವರು ಅಪಾರ ಹಣ ಸಂಪಾದಿಸಿದರು, ಎಲ್ವಿಸ್ ಪ್ರೀಸ್ಲಿಯ ಸ್ನೇಹವನ್ನೂ ಗಳಿಸಿದರು. ಆದರೆ 1972ರ ನಂತರ 1987ರವರೆಗೆ ಬ್ರಿಟನ್ನಿನ ಮೊದಲ ಹತ್ತು ಹಾಡುಗಳಲ್ಲಿ ಅವರದೊಂದೂ ಇರಲಿಲ್ಲ. ದನಿ ಕುಂದಿರಲಿಲ್ಲ. ಸಭಾಂಗಣ ತುಂಬಿಯೇ ಇರುತ್ತಿತ್ತು. ಹೊಸದನ್ನು ಹುಡುಕುವ ಅಗತ್ಯವೇ ಬೀಳದಂತೆ ಆ ತುಂಬಿದ ಸಭಾಂಗಣವೇ ಅವರನ್ನು ಹಿಡಿದಿಟ್ಟಿತೆಂಬುದು ನನ್ನ ತೀರ್ಮಾನ.

1986ರಲ್ಲಿ ಮಿಲ್ಸ್ ತೀರಿಕೊಂಡ ಮೇಲೆ ಟಾಮ್ ಅವರ ಮಗ ಮಾರ್ಕ್ ವ್ಯವಸ್ಥೆಯನ್ನು ವಹಿಸಿಕೊಂಡರು. ಚಿಕ್ಕ ವಯಸ್ಸಿನಿಂದ ತಂದೆಯ ಸಂಗಡ ಊರೂರು ತಿರುಗಿದ್ದ ಮಾರ್ಕ್‌ಗೆ ಜನ ನಗುವುದು ಯಾವುದಕ್ಕೆ, ಕೇಳುವುದು ಯಾವುದನ್ನು ಎಂಬುದು ಚೆನ್ನಾಗಿ ಗೊತ್ತಿತ್ತು. ಹೆಂಗಸರು ವೇದಿಕೆಗೆ ಎಸೆದ ಒಳಉಡುಪನ್ನು ಇನ್ನು ಮುಂದೆ ಎತ್ತಿಕೊಳ್ಳಬಾರದು, ಅದರತ್ತ ತಿರುಗಿಯೂ ನೋಡಬಾರದು ಎಂದು ಮಗ ತಂದೆಗೆ ಹೇಳಿದರು. ತಂದೆ ಕೇಳಿದರು! 1988ರಲ್ಲಿ ‘ಆರ್ಟ್ ಆಫ್ ನಾಯ್ಸ್’ ತಂಡದೊಂದಿಗೆ ಅಮೆರಿಕದ ಗಾಯಕ ಪ್ರಿನ್ಸ್ ಅವರ ‘ಕಿಸ್’ ಹಾಡಿದಾಗ ಅವರ ಮಕ್ಕಳ ವಯಸ್ಸಿನವರು ಮೊದಲ ಬಾರಿಗೆ ಅವರ ಕಡೆ ಕಿವಿಗೊಟ್ಟರು. 1999ರ ‘ರಿಲೋಡ್’ ಸಂಕಲನದಲ್ಲಿ ಕಿರಿಯ ಕಲಾವಿದರೊಂದಿಗೆ ಹಾಡಿದರು. ಅವರ ಅತಿ ಹೆಚ್ಚು ಮಾರಾಟವಾದ ಸಂಕಲನ ಅದೇ. 2006ರಲ್ಲಿ ನೈಟ್ ಪದವಿ ಬಂತು. ಅಷ್ಟಾದ ಮೇಲೂ 2010ರಲ್ಲಿ, ನಿರ್ಮಾಪಕ ಈಥನ್ ಜಾನ್ಸ್ ಜೊತೆ ಕೆಲವೇ ವಾದ್ಯಗಳನ್ನಿಟ್ಟುಕೊಂಡು, ಭಕ್ತಿಗೀತೆ ಮತ್ತು ಬ್ಲೂಸ್ ಹಾಡಿದ ‘ಪ್ರೇಸ್ ಅಂಡ್ ಬ್ಲೇಮ್’ ತಂದರು. ಕುಣಿತದ ಹಾಡುಗಳಿಗೆ ದುಡ್ಡು ಕೊಟ್ಟೆವೇ ಹೊರತು ಸ್ತೋತ್ರಗಳಿಗಲ್ಲ ಎಂಬ ಅರ್ಥದಲ್ಲಿ ಧ್ವನಿಮುದ್ರಣ ಸಂಸ್ಥೆಯ ಅಧಿಕಾರಿಯೊಬ್ಬರು ಸಹೋದ್ಯೋಗಿಗಳಿಗೆ ಬರೆದ ಮಿಂಚಂಚೆ ಪತ್ರಿಕೆಗಳ ಪಾಲಾಯಿತು. ಸಂಕಲನ ಬ್ರಿಟನ್ನಿನಲ್ಲಿ ಎರಡನೆಯ ಸ್ಥಾನಕ್ಕೇರಿತು. ನೀನು ಅವರದು ಒಂದನ್ನೇ ಕೇಳುವುದಾದರೆ ಇದನ್ನು ಕೇಳು.

ಅವರ ಬದುಕಿನಲ್ಲಿ ಎಲ್ಲವೂ ಅನುಕರಣೀಯವಲ್ಲ. ಹೆಂಡತಿಗೆ ಅವರು ನಿಷ್ಠರಾಗಿರಲಿಲ್ಲ. 2016ರಲ್ಲಿ ಲಿಂಡಾ ಕ್ಯಾನ್ಸರಿನಿಂದ ತೀರಿಕೊಂಡಾಗ ಮತ್ತೆ ಹಾಡಲಾರೆನೇನೋ ಎನ್ನುವ ಮಟ್ಟಿಗೆ ಕುಸಿದದ್ದೂ ನಿಜ. ‘ಡಿಲೈಲಾ’ದ ವಿಷಯವನ್ನೂ ಯೋಚಿಸು. ಮೋಸ ಮಾಡಿದಳೆಂದು ಪ್ರಿಯತಮೆಯನ್ನು ಇರಿದು ಕೊಲ್ಲುವವನ ಬಾಯಲ್ಲಿರುವ 1968ರ ಆ ಹಾಡನ್ನು ಕಾರ್ಡಿಫ್‌ನ ರಗ್ಬಿ ಕ್ರೀಡಾಂಗಣದಲ್ಲಿ ದಶಕಗಳ ಕಾಲ ಸಾವಿರಾರು ಜನ ಒಟ್ಟಾಗಿ ಹಾಡಿದರು. 2023ರಲ್ಲಿ ವೇಲ್ಸ್‌ನ ರಗ್ಬಿ ಸಂಸ್ಥೆ ಗಾಯನವೃಂದಗಳು ಅದನ್ನು ಅಲ್ಲಿ ಹಾಡುವುದನ್ನು ನಿಲ್ಲಿಸಿತು. ಟಾಮ್ ಇಂದಿಗೂ ಹಾಡುತ್ತಾರೆ. ಕೊಲೆಗಾರನ ಪಶ್ಚಾತ್ತಾಪದ ಹಾಡೂ ಹಾಡೇ ಎಂದು ನನ್ನ ಮನಸ್ಸು ಅವರ ಕಡೆಗೇ ವಾಲುತ್ತದೆ, ನಿನ್ನ ಅತ್ತೆ ಒಪ್ಪುವುದಿಲ್ಲ. ನಿನ್ನ ಆ ಕುಣಿತದ ಹಾಡಿನ ಎರಡನೆಯ ಚರಣದ ಮಾತುಗಳನ್ನಾದರೂ ಒಮ್ಮೆ ಓದಿ ನೋಡು, ಪದ್ಯ ಓದುವಂತೆ.

ಇನ್ನೊಂದು ಸಂಗತಿ. ಎಪ್ಪತ್ತರ ದಶಕದ ಮೊದಲಲ್ಲಿ ಲಾಸ್ ವೇಗಸ್‌ನಲ್ಲಿ ಬಾಬಿ ಕೋಲ್ ಎಂಬ ಗೀತಕಾರರು ವೃದ್ಧಾಪ್ಯದ ಬಗ್ಗೆ ಬರೆದ ಹಾಡೊಂದನ್ನು ಅವರಿಗೆ ಕೊಟ್ಟರಂತೆ. ಆಗ ಮೂವತ್ತರ ಆಸುಪಾಸಿನಲ್ಲಿದ್ದ ಟಾಮ್ ಇದಕ್ಕೆ ನನಗಿನ್ನೂ ವಯಸ್ಸಾಗಿಲ್ಲ ಎಂದು ಅದನ್ನು ಇಟ್ಟುಕೊಂಡರು. ಹಾಡಿದ್ದು 2021ರ ‘ಸರೌಂಡೆಡ್ ಬೈ ಟೈಮ್’ ಸಂಕಲನದಲ್ಲಿ, ಎಂಬತ್ತರ ವಯಸ್ಸಿನಲ್ಲಿ. ಹೊಸದಾಗಿ ಧ್ವನಿಮುದ್ರಿಸಿದ ಸಂಕಲನದೊಂದಿಗೆ ಬ್ರಿಟನ್ನಿನ ಮೊದಲ ಸ್ಥಾನಕ್ಕೇರಿದ ಗಂಡಸರಲ್ಲೇ ಅತಿ ಹಿರಿಯರೆಂಬ ದಾಖಲೆ ಅದರಿಂದ ಬಂತು. ನಿನಗೆ ಪ್ರಿಯವಾದ ಭಾವಗೀತೆಗಳು ಈ ವರ್ಷವೇ ಎಲ್ಲರಿಗೂ ಮುಟ್ಟಬೇಕೆಂದು ಆತುರಪಡಬೇಡ. ಬರೆದಿಟ್ಟುಕೋ, ಮನೆಯಲ್ಲಿ ಹಾಡುತ್ತಿರು.

ಆದ್ದರಿಂದ ಕರಾರನ್ನು ಬೇಡವೆನ್ನಬೇಡ. ಸಾಲ ತೀರುವವರೆಗೆ ಆ ದುಡ್ಡು ನಿನಗೆ ಬೇಕು, ಅದರಲ್ಲಿ ನಾಚಿಕೆಯೇನೂ ಇಲ್ಲ. ಆ ಹಾಡನ್ನೂ ಮನಸ್ಸಿಟ್ಟೇ ಹಾಡು. ನಡುವೆ ಮೇಜು ಹತ್ತಿ ಕುಣಿಯುವುದನ್ನು ಮಾತ್ರ ಬಿಡು, ಒಂದೆರಡು ವಾರ ಗೊಣಗಿ ಜನ ಸುಮ್ಮನಾಗುತ್ತಾರೆ. ನಿನ್ನ ತಂಡದಲ್ಲಿ ನಿನಗೆ ಎದುರಾಡುವ ಧೈರ್ಯವಿರುವವಳು ನಿನ್ನ ತಂಗಿಯೊಬ್ಬಳೇ. ಹಾಡುಗಳ ಪಟ್ಟಿಯನ್ನು ಅವಳ ಕೈಗೆ ಕೊಡು. ಸಹಿ ಹಾಕುವ ಮುನ್ನ ಕರಾರಿನ ಪ್ರತಿಯೊಂದನ್ನು ನನಗೆ ಕಳುಹಿಸು. ಬೇರೆಡೆ ಹಾಡಕೂಡದೆಂಬ ಷರತ್ತೋ, ನಿನ್ನ ಧ್ವನಿಮುದ್ರಣಗಳ ಹಕ್ಕು ಅವರದೆಂಬ ಷರತ್ತೋ ಇದ್ದರೆ ಅದನ್ನು ತೆಗೆಸಲೇಬೇಕು; ನಮ್ಮ ಬೀದಿಯ ವಕೀಲರಿಗೆ ತೋರಿಸುತ್ತೇನೆ.

ಇತಿ ಆಶೀರ್ವಾದಗಳೊಂದಿಗೆ,
ನಿನ್ನ ಮಾವ