ಹೃದಯದ ಕೋಶ ಐಸ್ ಬಾಕ್ಸಿನಲ್ಲಿ ಬರುವುದಿಲ್ಲ

ಮಾನ್ಯ ಸಂಪಾದಕರೇ,

ಹೃದಯಾಘಾತದಲ್ಲಿ ಸತ್ತ ಕೋಶಗಳ ಜಾಗ ತುಂಬಲೆಂದು ಸ್ಟೆಮ್ ಸೆಲ್‌ನಿಂದ (ಬೇರೆ ಬೇರೆ ಬಗೆಯ ಕೋಶವಾಗಿ ಬೆಳೆಯಬಲ್ಲ ಮೂಲಕೋಶ) ಬೆಳೆಸಿದ ಹೃದಯದ ಕೋಶಗಳು ಇಂದಲ್ಲ ನಾಳೆ ನಮ್ಮ ಕಡೆಯ ಆಸ್ಪತ್ರೆಗಳಿಗೂ ಬರುತ್ತವೆ ಎಂಬ ಮಾತು ಬೆಳಗಾವಿ, ವಿಜಯಪುರದಲ್ಲಿ ಕೇಳಿಬರುತ್ತಿದೆ. ಬರಲಿ. ಆದರೆ ‘ಲಸಿಕೆ ತಂದ ಹಾಗೆ ಐಸ್ ಬಾಕ್ಸಿನಲ್ಲಿ ತಂದರಾಯಿತು’ ಎನ್ನುವುದು ತಪ್ಪು. ಹೆಚ್ಚಿನ ಲಸಿಕೆಗಳಿಗೆ 2ರಿಂದ 8 ಡಿಗ್ರಿ ಸಾಕು. ಹೆಪ್ಪುಗಟ್ಟಿಸಿದ ಈ ಕೋಶಗಳು −150 ಡಿಗ್ರಿಗಿಂತ ಕೆಳಗೇ ಇರಬೇಕು.

ಆ ಚಳಿ ನಮ್ಮ ಹಳ್ಳಿಗಳಿಗೆ ಹೊಸದೇನಲ್ಲ. ಹಸುವಿಗೆ ಕೃತಕ ಗರ್ಭಧಾರಣೆ ಮಾಡಲು ಬರುವ ಪಶುವೈದ್ಯರು ಹೋರಿಯ ವೀರ್ಯದ ಸ್ಟ್ರಾಗಳನ್ನು ಇಡುವುದು −196 ಡಿಗ್ರಿಯ ದ್ರವ ನೈಟ್ರೋಜನ್ ಜಾಡಿಯಲ್ಲೇ. ಸ್ಟ್ರಾವನ್ನು ಜಾಡಿಯ ಕುತ್ತಿಗೆಯ ಮೇಲೆ ಎತ್ತಿ ಹಿಡಿದು ಹುಡುಕುತ್ತ ನಿಂತರೆ ಕೆಲವೇ ಸೆಕೆಂಡುಗಳಲ್ಲಿ ಅದು ಕೆಡುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ಅಲ್ಲಿ ಸ್ಟ್ರಾ ಕೆಟ್ಟರೆ ಮುಂದಿನ ಬೆದೆಗೆ ಇಪ್ಪತ್ತೊಂದು ದಿನ ಕಾದರಾಯಿತು. ಎದೆ ತೆರೆದು ಮಲಗಿಸಿದ ರೋಗಿಯನ್ನು ಹಾಗೆ ಕಾಯಿಸಲಾಗದು.

ಹೆಪ್ಪುಗಟ್ಟಿಸುವುದರಲ್ಲೇ ಅರ್ಧ ಆಟ ಮುಗಿದಿರುತ್ತದೆ. ಬಡಿಯಲು ಶುರುಮಾಡಿದ ಎಳೆಯ ಕೋಶಗಳನ್ನು ಶೇ 10ರಷ್ಟು ಡಿಎಂಎಸ್‌ಒ (ಹೆಪ್ಪುಗಟ್ಟುವಾಗ ಕೋಶವನ್ನು ಕಾಯುವ ರಾಸಾಯನಿಕ) ಇರುವ ದ್ರಾವಣಕ್ಕೆ ಹಾಕಿ, ನಿಮಿಷಕ್ಕೆ ಸುಮಾರು ಒಂದು ಡಿಗ್ರಿಯಂತೆ ತಣಿಸುತ್ತಾರೆ. ಅವಸರ ಮಾಡಿದರೆ ಕೋಶದೊಳಗೇ ಮಂಜಿನ ಹರಳು ಮೂಡಿ ಪೊರೆ ಹರಿಯುತ್ತದೆ. ತೀರಾ ನಿಧಾನವಾದರೆ ಕೋಶದ ನೀರೆಲ್ಲ ಹೊರಬಂದು, ಉಳಿದ ಉಪ್ಪು ಗಟ್ಟಿಯಾಗಿ ಅದನ್ನು ಕೊಲ್ಲುತ್ತದೆ. ಕೋಶ ಬಲಿತಷ್ಟೂ ಚಳಿ ತಾಳುವ ಶಕ್ತಿ ಕಡಿಮೆ. ಹಾಗಾಗಿ ಎರಡು–ಮೂರು ವಾರದ ಎಳೆತನದಲ್ಲೇ ಈ ಕೆಲಸ ಮುಗಿಸುವುದು ವಾಡಿಕೆ.

ಸಾಗಿಸುವಾಗ ಡ್ರೈ ಐಸ್ (ಗಟ್ಟಿಯಾಗಿಸಿದ ಇಂಗಾಲದ ಡೈಆಕ್ಸೈಡ್) ಅಗ್ಗ, ಎಲ್ಲೆಡೆ ಸಿಗುತ್ತದೆ. ಆದರೆ ಅದರ ಚಳಿ −78 ಡಿಗ್ರಿ ಮಾತ್ರ. ಅಷ್ಟರಲ್ಲಿ ಹರಳುಗಳು ನಿಧಾನವಾಗಿ ಬೆಳೆಯುತ್ತಲೇ ಇರುತ್ತವೆ. ಎಲ್ಲವೂ ಗಾಜಿನಂತೆ ಸ್ತಬ್ಧವಾಗುವುದು −130ರ ಆಸುಪಾಸಿನಲ್ಲಿ. ಅದಕ್ಕೇ ‘ಡ್ರೈ ಶಿಪ್ಪರ್’ ಬೇಕು. ಇದರ ಒಳಗೋಡೆಯ ಸ್ಪಂಜಿನಂಥ ವಸ್ತು ನೈಟ್ರೋಜನ್ ಹೀರಿಕೊಂಡಿರುತ್ತದೆ, ಚೆಲ್ಲುವ ದ್ರವ ಇರುವುದಿಲ್ಲ, ವಿಮಾನದಲ್ಲೂ ಹೋಗುತ್ತದೆ. ಹಿಂದಿನ ದಿನವೇ ತುಂಬಿಸಿ, ಹೀರಿಕೊಂಡ ಮೇಲೆ ಮತ್ತೆ ತುಂಬಿಸಿ, ಮಿಕ್ಕಿದ್ದನ್ನು ಸುರಿದು, ತಕ್ಕಡಿಗೆ ಹಾಕಿ ತೂಕ ಬರೆದಿಡಬೇಕು. ತಲುಪಿದ ಕೂಡಲೇ ಮತ್ತೆ ತೂಗಿದರೆ ದಾರಿಯಲ್ಲಿ ಎಷ್ಟು ನೈಟ್ರೋಜನ್ ಹಾರಿಹೋಯಿತೆಂದು ತಿಳಿಯುತ್ತದೆ. ಅಡ್ಡ ಮಲಗಿಸಿದರೆ ಹತ್ತು ದಿನ ಬಾಳುವ ಚಳಿ ಬೇಗನೆ ಖಾಲಿ. ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ವಿಜಯಪುರಕ್ಕೆ ಸುಮಾರು 200 ಕಿ.ಮೀ. ರಸ್ತೆ, ಕಬ್ಬು ಕಡಿಯುವ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳ ಹಿಂದೆ ಎಷ್ಟು ಹೊತ್ತು ನಿಲ್ಲಬೇಕೆಂದು ಹೇಳಬೇಕಿಲ್ಲ. ಜೀಪಿನ ಹಿಂಬದಿಯಲ್ಲಿ ಅದನ್ನು ನೆಟ್ಟಗೆ ಬಿಗಿದು ಕಟ್ಟುವುದು ಚಾಲಕನಿಗೂ ಗೊತ್ತಿರಬೇಕು.

ಬಂದ ಮೇಲಿನ ಕೆಲಸ ಇನ್ನೂ ನಾಜೂಕು. ಕೋಶಗಳಿರುವ ಪುಟ್ಟ ಸೀಸೆಯನ್ನು (ವಯಲ್) 37 ಡಿಗ್ರಿ ನೀರಿನಲ್ಲಿ ಎರಡು ನಿಮಿಷದಷ್ಟು ಆಡಿಸಿ, ಹೆಸರುಕಾಳಿನಷ್ಟು ಮಂಜು ಉಳಿದಿರುವಾಗಲೇ ತೆಗೆಯಬೇಕು. ಬಿಸಿಯಾದ ಡಿಎಂಎಸ್‌ಒ ಕೋಶಕ್ಕೆ ವಿಷ. ಹಾಗೆಂದು ಪೋಷಕ ದ್ರಾವಣವನ್ನು ಒಮ್ಮೆಲೇ ಸುರಿದರೆ ನೀರು ನುಗ್ಗಿ ಕೋಶ ಉಬ್ಬಿ ಒಡೆಯುತ್ತದೆ. ಮೊದಲ ಒಂದು ಎಂ.ಎಲ್. ದ್ರಾವಣ ಹನಿ ಹನಿಯಾಗಿಯೇ ಬೀಳಬೇಕು.

ಕರಗಿಸಿದ ಕೂಡಲೇ ಬಣ್ಣ ಹಾಕಿ ಎಣಿಸಿದ ಲೆಕ್ಕವನ್ನು ಮಾತ್ರ ನಂಬಬಾರದು. ಆಗ ಜೀವಂತ ಕಂಡ ಕೋಶಗಳಲ್ಲಿ ಹಲವು ಮರುದಿನದೊಳಗೆ ತಾವಾಗಿಯೇ ಸಾಯುತ್ತವೆ. 24 ಗಂಟೆ ಬಿಟ್ಟು ಎಷ್ಟು ಅಂಟಿಕೊಂಡಿವೆ, ಎಷ್ಟು ಬಡಿಯುತ್ತಿವೆ ಎಂದು ನೋಡಬೇಕು. ದೊಡ್ಡ ಹೃದಯಾಘಾತದಲ್ಲಿ ಸಾಯುವುದೇ ನೂರು ಕೋಟಿಯಷ್ಟು ಕೋಶ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹೀಗೆ ಹೆಪ್ಪುಗಟ್ಟಿಸಿ ಕರಗಿಸಿದ ನೂರು ಕೋಟಿ ಕೋಶಗಳನ್ನು ಮಂಗಗಳ ಹೃದಯಕ್ಕೆ ಚುಚ್ಚಿದ್ದರು. ಅವು ಬೇರೂರಿದವು, ಜೊತೆಗೆ ಬಡಿತದ ಲಯವೂ ತಪ್ಪಿತು. ಆ ತೊಡಕು ಇನ್ನೂ ಪೂರ್ತಿ ಬಗೆಹರಿದಿಲ್ಲ.

ಒಸಾಕಾದಲ್ಲಿ 2020ರಲ್ಲಿ ರೋಗಿಯ ಹೃದಯಕ್ಕೆ ಹಚ್ಚಿದಂಥ ಕೋಶದ ಹಾಳೆಯ ಕಥೆ ಬೇರೆ. ಕೋಶಗಳು ಒಂದಕ್ಕೊಂದು ಅಂಟಿಕೊಂಡ ಹಾಳೆಯನ್ನು ಬಿಡಿ ಕೋಶಗಳಂತೆ ಹೆಪ್ಪುಗಟ್ಟಿಸುವುದು ಕಷ್ಟ. ಜೀವಂತವಾಗಿ ಸಾಗಿಸುವಾಗ ಡಬ್ಬಿಯಲ್ಲಿ ಗಾಳಿಗುಳ್ಳೆ ಉಳಿಯದಂತೆ ದ್ರಾವಣವನ್ನು ಕಂಠಮಟ್ಟ ತುಂಬಬೇಕು. ಇಲ್ಲದಿದ್ದರೆ ಕುಲುಕಾಟಕ್ಕೆ ಹಾಳೆ ಹರಿಯುತ್ತದೆ. ಇಂಗಾಲದ ಡೈಆಕ್ಸೈಡ್ ತಪ್ಪಿಹೋಗಿ ದ್ರಾವಣ ಕ್ಷಾರವಾದರೆ ಅದರ ಕೆಂಪು ಬಣ್ಣ ನೇರಳೆಗೆ ತಿರುಗುತ್ತದೆ, ಅಂಥದ್ದನ್ನು ಬಳಸಬಾರದು.

ನಮ್ಮ ದೇಶದಲ್ಲಿ ಹೃದಯಕ್ಕೆ ಸ್ಟೆಮ್ ಸೆಲ್ ನೀಡಲು ಅವಕಾಶವಿರುವುದು ಅನುಮತಿ ಪಡೆದ ಪ್ರಯೋಗಗಳಲ್ಲಿ ಮಾತ್ರ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಅದನ್ನೇ ಹೇಳುತ್ತದೆ. ದುಡ್ಡು ಕಟ್ಟಿಸಿಕೊಂಡು ‘ಚಿಕಿತ್ಸೆ’ ಎನ್ನುವವರಿದ್ದರೆ ಅವರನ್ನು ದೂರ ಇಡಿ.

ಪ್ರಯೋಗಕ್ಕೆ ಸಿದ್ಧವಾಗುವ ಆಸ್ಪತ್ರೆಗಳು ಕಟ್ಟಡಕ್ಕಿಂತ ಮೊದಲು ನೈಟ್ರೋಜನ್ ಕೋಣೆಗೆ ಆಮ್ಲಜನಕದ ಅಲಾರಾಂ ಹಾಕಿಸಲಿ. ಒಂದು ಲೀಟರ್ ದ್ರವ ಸುಮಾರು 700 ಲೀಟರ್ ಅನಿಲವಾಗುತ್ತದೆ, ವಾಸನೆಯಿಲ್ಲ, ಉಸಿರುಗಟ್ಟುವುದೂ ಗೊತ್ತಾಗುವುದಿಲ್ಲ. ದ್ರವ ತುಂಬಿದ ಜಾಡಿಯನ್ನು ಮೇಲಿನ ಮಹಡಿಗೆ ಕಳಿಸುವಾಗ ಜಾಡಿ ಮಾತ್ರ ಲಿಫ್ಟಿನಲ್ಲಿ ಹೋಗಲಿ, ಮನುಷ್ಯ ಮೆಟ್ಟಿಲು ಹತ್ತಲಿ.

– ಪ್ರಯೋಗಾಲಯ ತಂತ್ರಜ್ಞರು, ವಿಜಯಪುರ