ಹುಣ್ಣಿಮೆಗೊಂದು ಸಲ ಹಾಕೋ ಪ್ಲೇಟು

ಪ್ರೀತಿಯ ರಘು,

ನೀನು ಫೋಟೋ ಕಳಿಸಿ ಮೂರು ವಾರ ಆಯ್ತು, ನಾನಿನ್ನೂ ಉತ್ತರ ಬರ್ದಿಲ್ಲ, ಬೈಕೊಂಡಿರ್ತೀಯ ಅಂತ ಗೊತ್ತು. "ಈ ವಾರ ನಿಮ್ಮನೇಲಿ ಯಾವ ಪ್ಲೇಟು ತಿರುಗ್ತಿದೆ" ಅಂತ ಕೇಳಿದ್ಯಲ್ಲ, ಮಾಮೂಲಿ ಆಗಿದ್ರೆ ವಾಟ್ಸಾಪಲ್ಲಿ ಒಂದು ಫೋಟೋ ಬಿಸಾಕಿ ಮುಗಿಸ್ತಿದ್ದೆ, ಆದ್ರೆ ಈ ಸಲ ವಿಷಯ ಸ್ವಲ್ಪ ಉದ್ದ ಇದೆ. ಅದಕ್ಕೇ ಪತ್ರ. ಎಲ್ಲರಿಗೂ ಕಾಣೋ ಹಾಗೆ ಹಾಕ್ತಿದೀನಿ, ನಮ್ಮ ಥರದ ಹಾಡಿನ ಪ್ಲೇಟ್ (ಗ್ರಾಮಾಫೋನ್ ರೆಕಾರ್ಡು) ಹುಚ್ಚರು ಇನ್ನೂ ನಾಕು ಜನ ಇದ್ರೆ ಓದ್ಕೊಳ್ಲಿ.

ಮಾವ ಹುಬ್ಬಳ್ಳಿ ಮನೆ ಖಾಲಿ ಮಾಡಿ ನಮ್ಮ ಜೊತೆ ಮೈಸೂರಿಗೆ ಬಂದ್ರು. ಅತ್ತೆ ಹೋದ್ಮೇಲೆ ಒಬ್ರೇ ಇದ್ರಲ್ಲ, ಎಷ್ಟು ಕರೆದ್ರೂ ಬರ್ತಿರ್ಲಿಲ್ಲ, ಕೊನೆಗೆ ಒಂದು ಕಂಡಿಷನ್ ಹಾಕಿ ಬಂದ್ರು, ಟ್ರಂಕು ಜೊತೆಗೆ ಬರ್ಬೇಕು ಅಂತ. ಟ್ರಂಕಲ್ಲಿ ಏನಿದೆ ಅಂತ ನನ್ನ ಹೆಂಡ್ತಿಗೂ ಸರಿಯಾಗಿ ಗೊತ್ತಿರ್ಲಿಲ್ಲ. ಇಬ್ರು ಆಳು ಎತ್ತಕ್ಕಾಗದೆ ಏದುಸಿರು ಬಿಟ್ಕೊಂಡು ಒಳಗಿಟ್ರು. ತೆಗೆದು ನೋಡಿದ್ರೆ ನುಸಿಗುಳಿಗೆ ವಾಸನೆ, ಹಳೇ ಪಂಚೆ, ಪಂಚೆ ಮಧ್ಯ ಮಧ್ಯ 78ರ (ನಿಮಿಷಕ್ಕೆ 78 ಸುತ್ತು ತಿರುಗೋ) ಪ್ಲೇಟುಗಳು, ಎಣಿಸಿದ್ರೆ ನಲವತ್ತೊಂದು! ತಳದಲ್ಲಿ ಒಂದು ಕೀ ಕೊಡೋ ಗ್ರಾಮಾಫೋನು, ಸೂಟ್‌ಕೇಸ್ ಥರ ಮುಚ್ಚೋದು. ಎಲ್ಲಾ ಮಾವನ ಅಪ್ಪ ತಗೊಂಡಿದ್ದಂತೆ. ಒಂಬತ್ತು ಪ್ಲೇಟು ಒಡೆದಿತ್ತು, ಲಾರಿಯವ್ರನ್ನ ಬೈದು ಪ್ರಯೋಜನ ಇಲ್ಲ, ನಾನೇ ಮೊದಲೇ ಕೇಳ್ಬೇಕಿತ್ತು.

ಈಗ ನನ್ನ ಪೆದ್ದತನ ಹೇಳ್ತೀನಿ, ನಗ್ಬೇಡ. ಎಲ್‌ಪಿ (ದೊಡ್ಡ ವಿನೈಲ್ ಪ್ಲೇಟು) ಒರೆಸಕ್ಕೆ ನಾನು ಡಿಸ್ಟಿಲ್ಡ್ ವಾಟರ್‌ಗೆ ಸ್ವಲ್ಪ ಸ್ಪಿರಿಟ್ ಬೆರೆಸಿ ಇಟ್ಕೊಂಡಿರ್ತೀನಲ್ಲ, ಅದೇ ಬಾಟಲಿ ತಗೊಂಡು ಹತ್ತಿಯಲ್ಲಿ ಅದ್ದಿ ಯಾವುದೋ ನಾಟಕದ ಪ್ಲೇಟನ್ನ ಚೆನ್ನಾಗಿ ಉಜ್ಜಿದೆ, ಹತ್ತಿ ಕರ್ರಗಾಯ್ತು, ಆಹಾ ಎಷ್ಟು ಕೊಳೆ ಬರ್ತಿದೆ ಅಂತ ಖುಷಿಯಲ್ಲಿ ಇನ್ನೂ ಉಜ್ಜಿದೆ, ಆಮೇಲೆ ನೋಡಿದ್ರೆ ಉಜ್ಜಿದ ಕಡೆ ಹೊಳಪೇ ಇಲ್ಲ, ಮಂಕು. ಮಾವ ಬಾಗಿಲಲ್ಲಿ ನಿಂತಿದ್ರು. "ಅರಗಿಗೆ ಯಾರರ ಸ್ಪಿರಿಟ್ ಹಾಕತಾರೇನ್ರೀ ಅಳಿಯಂದ್ರ? ಪಾಲೀಶ ಮಾಡೂ ಬಡಿಗ್ಯಾರನ್ನ ಕೇಳ್ರಿ" ಅಂದ್ರು. ಅಷ್ಟೇ. ಬೈಲಿಲ್ಲ, ಅದೇ ಜಾಸ್ತಿ ಚುಚ್ತು. ಹೌದಲ್ಲ ಕಣೋ, 78ರ ಪ್ಲೇಟು ವಿನೈಲ್ ಅನ್ನೋ ಪ್ಲಾಸ್ಟಿಕ್ ಅಲ್ವೇ ಅಲ್ಲ, ಅರಗಿಗೆ ಕಲ್ಲಿನ ಪುಡಿ, ದೀಪದ ಮಸಿ ಎಲ್ಲಾ ಸೇರಿಸಿ ಒತ್ತಿದ್ದು, ಆ ಅರಗು ಸ್ಪಿರಿಟ್‌ನಲ್ಲಿ ಕರಗತ್ತೆ, ಕರಗಿಸೇ ತಾನೆ ಮರಕ್ಕೆ ಪಾಲಿಶ್ ಹೊಡೆಯೋದು. ಕೊಳೆ ಅಂತ ನಾನು ಒರೆಸಿ ತೆಗೆದಿದ್ದು ನಾಟಕವನ್ನೇ. ಪಾಂಡವರ ಅರಗಿನ ಮನೆ ಕಥೆ ಗೊತ್ತಿರೋ ಜನಕ್ಕೆ ಅರಗು ಬೆಂಕಿಗೆ ಮಾತ್ರ ಹೆದರತ್ತೆ ಅಂತ ಇರತ್ತೆ, ಸ್ಪಿರಿಟ್ ವಿಷಯ ವ್ಯಾಸರು ಹೇಳಿಲ್ಲ. ಈಗ ಬರೀ ಡಿಸ್ಟಿಲ್ಡ್ ವಾಟರ್, ಮೆತ್ತನೆ ಬ್ರಷ್ಷು, ಲೇಬಲ್‌ಗೆ ನೀರು ತಾಗದ ಹಾಗೆ, ಅಷ್ಟೇ.

ಸರಿ, ಏನ್ ಕೇಳ್ತಿದೀನಿ ಅಂತ ಕೇಳಿದ್ಯಲ್ಲ. ಮೂರು ವಾರದಿಂದ ನನ್ನ ತಲೆ ತಿಂತಿರೋದು ಒಂದೇ ಪ್ಲೇಟು. ಲೇಬಲ್ ಮೇಲೆ ಗಾಂಧಾರಿ ಅಂತ ಹೆಸರು. ರಾಗದ ಹೆಸರಿರೋ ಜಾಗ ಯಾರೋ ಸೂಜಿ ಇಡುವಾಗ ಗೀಚಿ ಗೀಚಿ ಅಳಿಸಿ ಹೋಗಿದೆ, ಮಾವ ಒಂದು ರಾಗ ಅಂತಾರೆ, ನಾನು ಇನ್ನೊಂದು ಅಂತೀನಿ, ಊಟದ ಹೊತ್ತಲ್ಲಿ ದಿನಾ ಜಗಳ. ಗಾಂಧಾರಿ ಯಾರು ಗೊತ್ತಾ? ನಮ್ಮ ಗಂಗೂಬಾಯಿ ಹಾನಗಲ್! 1930ರ ದಶಕದಲ್ಲಿ ಅವರ ಮೊದಲ ಪ್ಲೇಟುಗಳು ಬಂದಾಗ ಕಂಪನಿಯವರು ಆ ಹೆಸರಲ್ಲಿ ಹಾಕಿದ್ರು. ಆಗ ಅವರು ಹಿಂದೂಸ್ತಾನಿ ಶಾಸ್ತ್ರೀಯ ಖಯಾಲ್ ಮಾತ್ರ ಅಲ್ಲ, ಮರಾಠಿ ಭಾವಗೀತೆನೂ ಹಾಡಿದಾರೆ, ಜಿ.ಎನ್. ಜೋಶಿ ಜೊತೆ ಡ್ಯುಯೆಟ್ ಬೇರೆ. 1913ರಲ್ಲಿ ಹುಟ್ಟಿದ್ದು ಅಂದ್ರೆ ಆಗ ಇಪ್ಪತ್ತರ ಆಸುಪಾಸಿನ ಹುಡುಗಿ.

ನಿಂಗೂ ನಂಗೂ ಗಂಗೂಬಾಯಿ ಅಂದ್ರೆ ಯಾವ ದನಿ ನೆನಪಾಗತ್ತೆ? ಆ ಭಾರವಾದ, ಗಂಡಸಿನ ಥರದ, ನೆಲದೊಳಗಿಂದ ಎದ್ದು ಬರೋ ದನಿ ತಾನೆ. ಇದರಲ್ಲಿ ಅದಿಲ್ಲ ಕಣೋ. ತೆಳ್ಳಗಿನ, ಎತ್ತರದ, ಮೇಲಿನ ಸ್ಥಾಯಿಯಲ್ಲಿ ಸಲೀಸಾಗಿ ಓಡಾಡೋ ಹುಡುಗಿ ದನಿ. ಮೊದಲನೇ ಸಲ ಹಾಕಿದಾಗ ಬೇರೆ ಯಾರೋ ಅಂದ್ಕೊಂಡೆ. ಮಾವನೂ ತಲೆ ಅಲ್ಲಾಡಿಸಿದ್ರು. "ನಾ ಕೇಳಿದ್ದು ಈ ದನಿ ಅಲ್ರೀ. ನಾ ಕೇಳಿದ್ದು ದೊಡ್ಡ ಗಂಟಿ ಹೊಡದಂಗ ಇತ್ತು" ಅಂದ್ರು. ಅವರು ಕುಂದಗೋಳದಲ್ಲಿ ಗಂಗೂಬಾಯಿ ಗುರು ಸವಾಯಿ ಗಂಧರ್ವರ ಪುಣ್ಯತಿಥಿಗೆ ನಾಡಿಗೇರ ವಾಡೆಯಲ್ಲಿ ರಾತ್ರಿಯಿಡೀ ಕೂತು ಎಷ್ಟೋ ವರ್ಷ ಕೇಳಿದಾರೆ. ಅಪ್ಪ ತಂದಿಟ್ಟ ಈ ಪ್ಲೇಟನ್ನ ಚಿಕ್ಕಂದಿನಲ್ಲಿ ಕೇಳಿರ್ಬೇಕು, ಆದ್ರೆ ಇವರೇ ಅವರು ಅಂತ ಗೊತ್ತೇ ಇರ್ಲಿಲ್ವಂತೆ.

ಗಂಟಲಿನ ತೊಂದರೆಗೆ ಚಿಕಿತ್ಸೆ ಆಗಿ ಆಮೇಲೆ ದನಿ ಬದಲಾಯ್ತು ಅನ್ನೋದು ನಾನೂ ಓದಿದ್ದೆ. ಓದೋದು ಬೇರೆ, ಕೇಳೋದು ಬೇರೆ ಬಿಡು. ಆದ್ರೆ ನನ್ನ ಇಂಜಿನಿಯರ್ ಬುದ್ಧಿ ಸುಮ್ನಿರತ್ತಾ? ಒಂದು ಅನುಮಾನ ಬಂತು, ಗ್ರಾಮಾಫೋನು ಜೋರಾಗಿ ತಿರುಗ್ತಿದ್ರೆ? ಸ್ಪೀಡ್ ಜಾಸ್ತಿ ಆದ್ರೆ ಶ್ರುತಿ ಏರತ್ತೆ, ಯಾರ ದನಿ ಬೇಕಾದ್ರೂ ಹುಡುಗಿ ದನಿ ಆಗತ್ತೆ. ಮಾವನಿಗೆ ಹೇಳಿದೆ. ಬೇಜಾರಾಗ್ತಾರೆ ಅಂದ್ಕೊಂಡ್ರೆ ಅವರು ಎದ್ದು ಹೋಗಿ ಎಚ್‌ಎಮ್‌ಟಿ ವಾಚು ತಂದ್ರು! ತಿರುಗೋ ತಟ್ಟೆ ಅಂಚಿಗೆ ಒಂದು ಬಿಳಿ ಕಾಗದದ ಚೂರು ಅಂಟಿಸಿ, ಪೂರ್ತಿ ಕೀ ಕೊಟ್ಟು, ಒಂದು ನಿಮಿಷಕ್ಕೆ ಎಷ್ಟು ಸುತ್ತು ಅಂತ ಎಣಿಸಿದ್ವಿ. ನಾನು ಮೊಬೈಲಲ್ಲಿ ವಿಡಿಯೋ ತೆಗೆದು ನಿಧಾನಕ್ಕೆ ಓಡಿಸಿ ಎಣಿಸ್ದೆ, ಅವರು ಜಪ ಮಾಡೋ ಥರ ಬೆರಳ ಗೆಣ್ಣಲ್ಲಿ ಎಣಿಸಿದ್ರು, ಕಣ್ಣು ಮಿಟುಕಿಸದೇನೇ. ನಂದು 84. ಅವರದ್ದೂ 84! (ಎಂಬತ್ತು ದಾಟಿದ ಮನುಷ್ಯ ಕಣೋ. ನಾನು ಕ್ಯಾಮೆರಾ ಇಟ್ಕೊಂಡು ಮಾಡಿದ್ದನ್ನ ಅವರು ಬರೀಗಣ್ಣಲ್ಲಿ ಮಾಡಿದ್ರು.)

ಅಂದ್ರೆ ನನ್ನ ಅನುಮಾನ ಸರಿ. 78 ಇರ್ಬೇಕಾದ್ದು 84, ಹಾರ್ಮೋನಿಯಮ್ ಲೆಕ್ಕದಲ್ಲಿ ಒಂದು ಮನೆಗಿಂತ ಸ್ವಲ್ಪ ಜಾಸ್ತಿನೇ ಮೇಲೆ ಹೋಗಿದೆ. ನಿಜ ಹೇಳ್ಲಾ, ಸರಿ ಅಂತ ಗೊತ್ತಾದಾಗ ಹೊಟ್ಟೆಲಿ ಏನೋ ಇಳಿದುಹೋದಂಗಾಯ್ತು. ಇಷ್ಟು ದಿನ ತಲೆ ಮೇಲೆ ಹೊತ್ಕೊಂಡಿದ್ದ ದನಿ ಬರೀ ಸ್ಪ್ರಿಂಗಿನ ಆಟನಾ ಅಂತ. ಪಕ್ಕದಲ್ಲಿ ಸ್ಪೀಡ್ ತಿದ್ದೋ ಸಣ್ಣ ಕಡ್ಡಿ ಇದೆ, ಅದನ್ನ ಕೂದಲೆಳೆಯಷ್ಟು ಸರಿಸೋದು, ಎಣಿಸೋದು, ಮತ್ತೆ ಸರಿಸೋದು, ಹೀಗೆ ಅರ್ಧ ಗಂಟೆ. 81, 76, 79, ಕೊನೆಗೆ 78. ಹೊಸಾ ಸೂಜಿ ಹಾಕಿ ಪ್ಲೇಟು ಇಟ್ವಿ.

ದನಿ ಇಳಿದಿತ್ತು. ಆದ್ರೂ ಹುಡುಗಿ ದನಿನೇ ರಘು. ಹತ್ರನೂ ಇಲ್ಲ ಆ ದೊಡ್ಡ ಗಂಟೆಗೆ. ಇಳಿದ್ಮೇಲೆ ಇನ್ನೂ ಚೆನ್ನಾಗಿ ಕೇಳ್ತು, ಮೊದಲು ತಾನ್ (ಸ್ವರಗಳ ಓಟ) ಗಡಿಬಿಡಿ ಅನ್ಸಿದ್ದು ಈಗ ಬಿಡಿಬಿಡಿಯಾಗಿ ಬಂತು. ಮಾವ ಏನೂ ಮಾತಾಡ್ಲಿಲ್ಲ, ಪ್ಲೇಟು ಮುಗಿದ್ಮೇಲೂ ಸೂಜಿ ಕರ್ ಕರ್ ಅಂತಿದ್ರೂ ಎತ್ತಲಿಲ್ಲ. ಆಮೇಲೆ, "ಆಕಿ ಇನ್ನೂ ಕುಂದಗೋಳಕ್ಕ ರೈಲಿನ್ಯಾಗ ಓಡ್ಯಾಡೂ ಮೊದಲಿನ ದನಿ ಇದು ಇರಬೇಕು" ಅಂದ್ರು. ಹುಬ್ಬಳ್ಳಿಯಿಂದ ರೈಲು ಹತ್ತಿ ಸವಾಯಿ ಗಂಧರ್ವರ ಹತ್ರ ಪಾಠಕ್ಕೆ ಹೋಗಿ ಬರ್ತಿದ್ರಲ್ಲ, ಅದು. ಇಸವಿ ಸರಿ ಹೊಂದತ್ತೋ ಇಲ್ವೋ, ನಾನು ಲೆಕ್ಕ ಹಾಕಕ್ಕೆ ಹೋಗ್ಲಿಲ್ಲ, ಒಂದು ದಿನಕ್ಕೆ ಒಂದು ಲೆಕ್ಕ ಸಾಕು.

ಅದೇ ರೆಕಾರ್ಡಿಂಗುಗಳು ಯೂಟ್ಯೂಬಲ್ಲಿ ಕ್ಲೀನ್ ಮಾಡಿ ಹಾಕಿರ್ತಾರಲ್ಲೋ, ಇಷ್ಟೆಲ್ಲಾ ಯಾಕೆ ಅಂತೀಯ. ಹಾಕಿರ್ತಾರೆ, ನಾನೂ ಕೇಳ್ತೀನಿ, ಆ "ಅನಲಾಗ್ ಬಿಸುಪು" ಅಂತ ಕಣ್ಣು ಮುಚ್ಚಿ ಹೇಳೋ ಪೈಕಿ ನಾನಲ್ಲ. ಲಕ್ಷಗಟ್ಲೆ ಸುರಿದ ಟರ್ನ್‌ಟೇಬಲ್ ಫೋಟೋ ಹಾಕಿ, ಅದರ ಮೇಲೆ ಯಾವ ಪ್ಲೇಟಿದೆ ಅಂತ ಮಾತ್ರ ಹೇಳದೇ ಇರೋರನ್ನ ಕಂಡ್ರೆ ನಂಗೆ ಮೈ ಉರಿಯತ್ತೆ. ಆದ್ರೆ ಯೂಟ್ಯೂಬಲ್ಲಿ ಕೇಳಿದ್ರೆ ನಾನು ಸ್ಪೀಡ್ ಎಣಿಸ್ತಿದ್ನಾ? ಯಾರೋ ಸರಿ ಮಾಡಿಟ್ಟಿರ್ತಾರೆ ಅಂತ ನಂಬಿ ಬಿಟ್ಬಿಡ್ತಿದ್ದೆ. ಇನ್ನೊಂದು, ಮೂರು ಮೂರೂಕಾಲು ನಿಮಿಷಕ್ಕೆ ಎದ್ದು ಹೋಗ್ಬೇಕು, ಸೂಜಿ ಬದಲಿಸ್ಬೇಕು, ಕೀ ಕೊಡ್ಬೇಕು. ಒಂದು ರಾಗನ ಗಂಟೆಗಟ್ಲೆ ಬೆಳೆಸೋ ಜನ ಆ ಮೂರು ನಿಮಿಷಕ್ಕೆ ಏನು ಇಟ್ಟು ಏನು ಬಿಟ್ರು ಅನ್ನೋದು ನಿಂತ್ಕೊಂಡು ಕೇಳಿದಾಗಲೇ ಗೊತ್ತಾಗೋದು. ಆಲಾಪ ಗೀಲಾಪ ಏನಿಲ್ಲ, ಸೀದಾ ಬಂದಿಶ್ (ಕಟ್ಟಿದ ಹಾಡು), ನಾಕು ತಾನ್, ಮುಗೀತು.

ಆ ಮೂರು ನಿಮಿಷ ಏನು ಮಾಡತ್ತೆ ಅಂತ ಭೀಮಸೇನ ಜೋಶಿಯವರನ್ನ ನೋಡು. ಗದಗಿನ ಹುಡುಗ, ಅಂಗಡಿಲಿ ಹಿಂದೂಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನ್ ಸಾಹೇಬರ ಪ್ಲೇಟು ಕೇಳಿ 1933ರಲ್ಲಿ, ಹನ್ನೊಂದನೇ ವಯಸ್ಸಿಗೆ, ಗುರುನ ಹುಡುಕ್ಕೊಂಡು ಮನೆ ಬಿಟ್ಟು ಓಡಿಹೋದ್ರು. ತುಪ್ಪಕ್ಕೆ ಜಗಳ ಆಡಿ ಹೋದ್ರು ಅಂತಾನೂ ಕಥೆ ಇದೆ, ಎರಡೂ ಸೇರಿರ್ಬೋದು. ಗ್ವಾಲಿಯರ್, ಜಲಂಧರ್ ಎಲ್ಲಾ ಸುತ್ತಿ, ಅಲ್ಲಿ ನಿಮ್ಮೂರ ಪಕ್ಕದಲ್ಲೇ ಗುರು ಇದಾರಲ್ಲಯ್ಯ ಅಂತ ಹೇಳಿಸ್ಕೊಂಡು, ವಾಪಸ್ ಬಂದು ಸೇರಿದ್ದು ಸವಾಯಿ ಗಂಧರ್ವರ ಹತ್ರ. ಸವಾಯಿ ಗಂಧರ್ವರು ಯಾರ ಶಿಷ್ಯರು ಅಂದ್ರೆ ಅದೇ ಕರೀಂ ಖಾನ್ ಸಾಹೇಬರ ಶಿಷ್ಯರು. ಪ್ಲೇಟಿನಲ್ಲಿ ಕೇಳಿದ ದನಿಯ ಮನೆ ಕುಂದಗೋಳದಲ್ಲೇ ಇತ್ತು. ನಮ್ಮ ಟ್ರಂಕಲ್ಲೂ ಖಾನ್ ಸಾಹೇಬರದ್ದು ಒಂದಿತ್ತು, ಒಡೆದ ಒಂಬತ್ತರಲ್ಲಿ ಅದೂ ಒಂದು. ಅದರ ಬಗ್ಗೆ ಬರೆಯಕ್ಕೆ ಮನಸ್ಸಿಲ್ಲ.

ಹಾಂ, ನಿನ್ನ ಊರಿನ ವಿಷಯ. ನೀನು ಹ್ಯಾನೋವರ್‌ಗೆ ಹೋಗಿ ಆರು ವರ್ಷ ಆಯ್ತು, ಬರೀ ಚಳಿ, ಬ್ರೆಡ್ಡು ಅಂತ ಗೊಣಗ್ತೀಯ. ನೀನಿರೋ ಊರು ಯಾವುದು ಗೊತ್ತೇನೋ? ಚಪ್ಪಟೆ ಪ್ಲೇಟಿನ ಗ್ರಾಮಾಫೋನ್ ಕಂಡುಹಿಡಿದ ಎಮಿಲ್ ಬರ್ಲಿನರ್ ಹುಟ್ಟಿದ್ದೇ ಅಲ್ಲಿ. 1902ರಲ್ಲಿ ಕಲ್ಕತ್ತಾದಲ್ಲಿ ಗಾಯಕಿ ಗೌಹರ್ ಜಾನ್ ಹಾಡಿದ್ದನ್ನ ರೆಕಾರ್ಡ್ ಮಾಡಿ ಪ್ಲೇಟು ಒತ್ತಕ್ಕೆ ಕಳಿಸಿದ್ದು ಹ್ಯಾನೋವರ್‌ಗೆ. 1908ರಲ್ಲಿ ಸಿಯಾಲ್ದಾದಲ್ಲಿ ಫ್ಯಾಕ್ಟರಿ ಆಗೋವರೆಗೂ ನಮ್ಮೋರು ಹಾಡಿದ್ದು ಹಡಗಲ್ಲಿ ಹೋಗಿ ಪ್ಲೇಟಾಗಿ ಹಡಗಲ್ಲೇ ಬರ್ತಿತ್ತು. ಹಾಡಿನ ಕೊನೇಲಿ ಆಕೆ ಇಂಗ್ಲಿಷಲ್ಲಿ "ಮೈ ನೇಮ್ ಈಸ್ ಗೌಹರ್ ಜಾನ್" ಅಂತ ಕೂಗಿ ಹೇಳ್ತಾರಲ್ಲ, ಅದು ಗತ್ತಿಗಲ್ಲ, ನಿನ್ನೂರಿನ ಕೆಲಸದವ್ರಿಗೆ ಯಾವ ಪ್ಲೇಟಿಗೆ ಯಾವ ಲೇಬಲ್ ಅಂಟಿಸ್ಬೇಕು ಅಂತ ತಿಳೀಲಿ ಅಂತ. (ಸ್ವಲ್ಪ ಗತ್ತೂ ಇದೆ ಬಿಡು, ಕೇಳಿದ್ರೆ ಗೊತ್ತಾಗತ್ತೆ.) ಆಕೆ ಕೊನೆಗಾಲದಲ್ಲಿ ಬಂದಿದ್ದು ನಮ್ಮೂರಿಗೆ, 1928ರಲ್ಲಿ ನಾಲ್ವಡಿಯವರ ಆಸ್ಥಾನಕ್ಕೆ. 1930ರ ಜನವರಿ 17ಕ್ಕೆ ತೀರಿಕೊಂಡಿದ್ದು ಇಲ್ಲೇ ದೊಡ್ಡಾಸ್ಪತ್ರೆಲಿ, ಕೆ.ಆರ್. ಆಸ್ಪತ್ರೆ ಕಣೋ, ನಿನ್ನ ಕೈ ಮುರಿದಾಗ ನಾವು ಸೈಕಲ್ ಮೇಲೆ ಕೂರಿಸ್ಕೊಂಡು ಹೋಗಿದ್ವಲ್ಲ ಅಲ್ಲಿ. ಅವರ ಪ್ಲೇಟು ಒಂದೂ ನನ್ನ ಹತ್ರ ಇಲ್ಲ. ಅಲ್ಲಿನ ಹಳೇ ಸಾಮಾನಿನ ಸಂತೆಲಿ ಒಂದು ಕಣ್ಣಿಟ್ಟಿರು, ಸಿಗಲ್ಲ ಅಂತ ಗೊತ್ತು, ಆದ್ರೂ.

ಮಿಕ್ಕಿದ್ದು ಬೇಗ ಹೇಳ್ತೀನಿ. ಎಲೆಕ್ಟ್ರಿಕ್ ಪ್ಲೇಯರ್ ಮೇಲೆ ಬೆಳಿಗ್ಗೆ ಹೊತ್ತು ಎಂ.ಎಸ್. ಸುಪ್ರಭಾತದ ಎಲ್‌ಪಿ, ಅದು ಹೆಂಡ್ತಿ ಡಿಪಾರ್ಟ್‌ಮೆಂಟು. ಸಂಜೆ ಅಮ್ಮನ ಇಪಿಗಳು, ಅಂದ್ರೆ ಸಣ್ಣ ಪ್ಲೇಟುಗಳು. "ಎರಡು ಕನಸು" ಸಿನಿಮಾದ ಇಪಿ ಇನ್ನೂ ಇದೆ, 1974ರದ್ದು, ಶಿವರಾಂಪೇಟೆ ಅಣ್ಣತಮ್ಮಂದಿರ ಸಂಗೀತ ಅಂತ ಅಮ್ಮ ಈಗಲೂ ರಾಜನ್-ನಾಗೇಂದ್ರರನ್ನ ಪಕ್ಕದ್ಮನೆಯವ್ರ ಥರ ಹೇಳ್ತಾರೆ. ಒಂದು ಹಾಡಲ್ಲಿ ಗೀರು ಬಿದ್ದು ಸೂಜಿ ಹಾರತ್ತೆ, ಜ್ಞಾಪಕ ಇದೆಯಾ? ನಮ್ಮನೆ ಪ್ಲೇಟು ಕೇಳಿ ಕಲಿತು ನೀನು ಸ್ಕೂಲ್ ಡೇಲಿ ಅರ್ಧ ಸಾಲು ನುಂಗಿ ಹಾಡಿದ್ದೆ, ಹಾರ್ಮೋನಿಯಮ್ ಮೇಷ್ಟ್ರು ಒಬ್ರೇ ಹಿಂದೆ ಉಳ್ಕೊಂಡು ಕಕ್ಕಾಬಿಕ್ಕಿ. ಮೊನ್ನೆ ಅದೇ ಜಾಗದಲ್ಲಿ ಹಾರ್ತು, ನಾವೆಲ್ಲಾ ನಕ್ಕಿದ್ದು ನಿನ್ನ ನೆನಪಿಗೆ.

ಈಗ ಕೆಲಸದ ಮಾತು. ಗಾಂಧಾರಿ ಪ್ಲೇಟನ್ನ ಗ್ರಾಮಾಫೋನಲ್ಲಿ ಹಾಕಿದಷ್ಟೂ ಸವೆಯತ್ತೆ, ಆ ಸ್ಟೀಲ್ ಸೂಜಿ, ಆ ಸೌಂಡ್‌ಬಾಕ್ಸಿನ ಭಾರ, ಪ್ರತಿ ಸಲ ಸೂಜಿ ಓಡೋ ಗೆರೆಯನ್ನ ಸ್ವಲ್ಪ ಸ್ವಲ್ಪ ಕೆರೆಯತ್ತೆ. ಆ ಅರ್ಧ ಗಂಟೆ ಆದ್ಮೇಲೆ ಮಾವ ರೂಲ್ ಮಾಡಿದಾರೆ, ಹುಣ್ಣಿಮೆಗೊಂದು ಸಲ, ಎರಡೂ ಕಡೆ ಒಂದೊಂದೇ ಸಲ, ಅಷ್ಟೇ. ಯಾರು ಬಂದು ಕೇಳಿದ್ರೂ ಇಲ್ಲ. ಹೋದ ವಾರ ನಮ್ಮ ಡಾಕ್ಟ್ರು ಬಂದು ಕೇಳಿದ್ರೂ ಕ್ಯಾಲೆಂಡರ್ ತೋರಿಸಿ ಕಳಿಸಿದ್ರು. ಎಲೆಕ್ಟ್ರಿಕ್ ಪ್ಲೇಯರಲ್ಲಿ 78 ಇದೆ, ಆದ್ರೆ ಸೂಜಿ ಹಿಡ್ಕೊಂಡಿರೋ ಆ ತಿರುಗಿಸೋ ಕಾರ್ಟ್ರಿಡ್ಜಲ್ಲಿ 78ರ ಕಡೆ ಸೂಜಿ ಮುರಿದಿದೆ, ಎಲ್‌ಪಿ ಸೂಜಿ ಇದಕ್ಕೆ ಆಗಲ್ಲ, ಹಳೇ ಪ್ಲೇಟಿನ ಗೆರೆ ಸುಮಾರು ಮೂರು ಪಟ್ಟು ಅಗಲ, ಸಣ್ಣ ಸೂಜಿ ತಳಕ್ಕೆ ಹೋಗಿ ಧೂಳಲ್ಲಿ ಉರುಳಾಡತ್ತೆ. ಇಲ್ಲಿ ಕೇಳಿದ ಕಡೆಯೆಲ್ಲಾ ಮುಖ ನೋಡಿದ್ರು. ಕಾರ್ಟ್ರಿಡ್ಜಿನ ಫೋಟೋ, ನಂಬರ್ ಬೇರೆ ಕಳಿಸ್ತೀನಿ, ಅಲ್ಲಿ ಸಿಗತ್ತೆ, ಎರಡು ತಗೋ, ಕಾಸು ಇಲ್ಲಿ ಕೊಡ್ತೀನಿ. ಹೊಸಾ ಸೂಜಿ ಹಗುರ ಕೂರತ್ತೆ ಅಂತ ಮಾವನಿಗೆ ವಿವರಿಸ್ದೆ, ತುಂಬಾ ಯೋಚನೆ ಮಾಡಿ, ಹಂಗಾದ್ರ ಅಮಾವಾಸ್ಯೆಗೂ ಒಂದ್ಸಲ ಹಾಕೂಣು ಅಂದಿದಾರೆ.

ಡಿಸೆಂಬರಲ್ಲಿ ಬರೋದು ಖಾತ್ರಿ ತಾನೆ? ಟಿಕೆಟ್ ಮಾಡೋ ಮೊದಲು ಪಂಚಾಂಗ ನೋಡು.

ನಿನ್ನ,
ಸೀನ